ವೋಕಾನ್ಸನ್‌ನ ಕೊಳಲು, ಲಿಯೋನಿನ ಮಗ್ಗ

1738ರ ಫೆಬ್ರುವರಿ. ಪ್ಯಾರಿಸ್ಸಿನ ಓಟೆಲ್ ದ ಲಾಂಗ್‌ವಿಲ್ ಎಂಬ ಮಹಲಿನಲ್ಲಿ ಒಂದು ಪ್ರದರ್ಶನ ಏರ್ಪಾಡಾಗಿತ್ತು. ಪ್ರವೇಶಕ್ಕೆ ಮೂರು ಲೀವ್ರ್, ಅಂದರೆ ಕೂಲಿಯವನ ಹಲವು ದಿನಗಳ ಗಳಿಕೆ. ಅಷ್ಟು ತೆತ್ತು ಒಳಗೆ ಹೋದವರಿಗೆ ಎತ್ತರದ ಪೀಠದ ಮೇಲೆ ಕುಳಿತ ಆಳೆತ್ತರದ ಕೊಳಲುಗಾರನೊಬ್ಬ ಕಾಣುತ್ತಿದ್ದ. ಶಿಲ್ಪಿ ಕ್ವಾಸ್‌ವೋ ಅಮೃತಶಿಲೆಯಲ್ಲಿ ಕೆತ್ತಿದ್ದ ಪ್ರತಿಮೆಯೊಂದನ್ನು ಪ್ಯಾರಿಸ್ಸಿನ ಜನ ಉದ್ಯಾನದಲ್ಲಿ ನೋಡಿ ಬಲ್ಲವರಾಗಿದ್ದರು. ಇದು ಅದರದೇ ಪ್ರತಿರೂಪ. ಆದರೆ ಇದು ಮರದ್ದು, ಶಿಲೆಯಂತೆ ಕಾಣಲೆಂದು ಬಿಳಿ ಬಣ್ಣ ಬಳಿದಿದ್ದರು. ನೋಡುತ್ತಿದ್ದಂತೆ ಅದರ ಬೆರಳುಗಳು ಅಲುಗಿದವು, ತುಟಿ ಚಲಿಸಿತು, ಕೊಳಲಿನಿಂದ ರಾಗ ಹೊರಟಿತು. ಒಂದಾದ ಮೇಲೊಂದರಂತೆ ಹನ್ನೆರಡು ರಾಗಗಳು.

ಪ್ಯಾರಿಸ್ಸಿನ ಜನ ಹಾಡುವ ಡಬ್ಬಿಗಳನ್ನು ಮೊದಲೇ ಕಂಡವರು. ಗಡಿಯಾರದೊಳಗೆ ಗಂಟೆ ಬಾರಿಸುವ ಗೊಂಬೆಗಳು, ಕೂಗುವ ಹಕ್ಕಿಗಳು ಅವರಿಗೆ ಹೊಸವಲ್ಲ. ಹಾಗಾಗಿ ಬಹಳ ಮಂದಿಗೆ ಬಂದ ಅನುಮಾನ ಒಂದೇ: ಸಂಗೀತ ಪೀಠದೊಳಗೆ ಅಡಗಿಸಿಟ್ಟ ಬೇರಾವುದೋ ವಾದ್ಯದ್ದು, ಗೊಂಬೆ ಸುಮ್ಮನೆ ಬೆರಳಾಡಿಸುತ್ತಿದೆ. ಗೊಂಬೆ ಮಾಡಿದ ಜಾಕ್ ದ ವೋಕಾನ್ಸನ್‌ಗೆ ಆಗ ಇಪ್ಪತ್ತೊಂಬತ್ತು ವರ್ಷ. ಆತ ಏನನ್ನೂ ಮುಚ್ಚಿಡಲಿಲ್ಲ. ಒಳಗಿನ ಕೀಲು, ಗಾಲಿ, ತಿದಿಗಳನ್ನೆಲ್ಲ ತೆರೆದು ತೋರಿಸಿದ. ಅದೇ ವರ್ಷ ಏಪ್ರಿಲ್‌ನಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಗೊಂಬೆಯ ರಚನೆಯನ್ನು ವಿವರಿಸುವ ಪ್ರಬಂಧವನ್ನೇ ಓದಿದ. ಕೊಳಲಿನ ನಾದ ಕೊಳಲಿನಿಂದಲೇ ಬರುತ್ತಿದೆ ಎಂದು ಅಕಾಡೆಮಿ ಒಪ್ಪಿ ಪ್ರಮಾಣಪತ್ರ ಕೊಟ್ಟಿತು.

ಇದು ಎಷ್ಟು ಕಷ್ಟದ ಕೆಲಸ ಎಂಬುದು ಕೊಳಲು ಕಲಿಯಲು ಕೈಹಾಕಿದ ಯಾರಿಗಾದರೂ ಗೊತ್ತು. ಅಡ್ಡಕೊಳಲಿನಲ್ಲಿ ಬೆರಳು ಮುಚ್ಚಿ ತೆಗೆಯುವುದು ಸುಲಭದ ಪಾಲು. ಮೊದಲ ಹಲವು ದಿನ ಬರೀ ಗಾಳಿಯ ಸದ್ದೇ ಬರುತ್ತದೆ. ತುಟಿ ಎಷ್ಟು ತೆರೆಯಬೇಕು, ಊದುರಂಧ್ರಕ್ಕೆ ಎಷ್ಟು ಹತ್ತಿರ ಇರಬೇಕು, ಗಾಳಿಗೆ ಎಷ್ಟು ಒತ್ತಡ ಬೇಕು ಎಂಬುದು ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಅದೇ ಬೆರಳು ಅಲ್ಲೇ ಇದ್ದರೂ ಉಸಿರು ಬಿಗಿಯಾದರೆ ಸ್ವರ ಮೇಲಿನ ಸ್ಥಾಯಿಗೆ ಜಿಗಿಯುತ್ತದೆ. ವೋಕಾನ್ಸನ್ ಇದನ್ನೆಲ್ಲ ಅಳೆದು ಲೆಕ್ಕಕ್ಕೆ ತಂದ. ಗೊಂಬೆಯೊಳಗೆ ಒಂಬತ್ತು ತಿದಿಗಳನ್ನು ಮೂರು ಮೂರರ ಗುಂಪಾಗಿ ಇಟ್ಟ. ಒಂದು ಗುಂಪಿನ ಮೇಲೆ ನಾಲ್ಕು ಪೌಂಡ್ ತೂಕ, ಇನ್ನೊಂದರ ಮೇಲೆ ಎರಡು ಪೌಂಡ್, ಮೂರನೆಯದಕ್ಕೆ ತನ್ನದೇ ಭಾರ ಮಾತ್ರ. ಹೀಗೆ ಜೋರು, ನಡುವಣ, ಮೆಲು ಎಂದು ಮೂರು ಬಗೆಯ ಉಸಿರು ಸಿದ್ಧವಾಯಿತು. ಮೂರೂ ಎದೆಯ ಬಳಿ ಸೇರಿ ಒಂದೇ ಗಂಟಲಿನ ಮೂಲಕ ಬಾಯಿಗೆ ಬರುತ್ತಿದ್ದವು. ತುಟಿಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ಮುಂದೆ ಚಾಚುತ್ತಿದ್ದವು, ಹಿಂದೆ ಸರಿಯುತ್ತಿದ್ದವು. ಒಳಗೊಂದು ಪುಟ್ಟ ಲೋಹದ ನಾಲಿಗೆ ಗಾಳಿಯನ್ನು ತಡೆದು ಬಿಡುತ್ತಿತ್ತು. ಬರಿಯ ಮರದ ಬೆರಳು ಕೊಳಲಿನ ರಂಧ್ರವನ್ನು ಸರಿಯಾಗಿ ಮುಚ್ಚದು. ಅದಕ್ಕೆ ಬೆರಳ ತುದಿಗೆ ಚರ್ಮ ಹೊದಿಸಿದ.

ಇಷ್ಟನ್ನೆಲ್ಲ ಆಡಿಸುತ್ತಿದ್ದದ್ದು ಒಂದು ಉರುಳೆ. ಇಳಿಬಿಟ್ಟ ತೂಕದ ಬಲದಿಂದ ಅದು ನಿಧಾನವಾಗಿ ತಿರುಗುತ್ತಿತ್ತು. ಅದರ ಮೈತುಂಬ ಮೊಳೆಗಳು, ಲೋಹದ ಪಟ್ಟಿಗಳು. ಉರುಳೆಗೆ ತಾಗಿದಂತೆ ಸಾಲಾಗಿ ಹದಿನೈದು ಸನ್ನೆಗಳು. ಏಳು ಸನ್ನೆ ಬೆರಳುಗಳಿಗೆ, ಮೂರು ಉಸಿರಿಗೆ, ನಾಲ್ಕು ತುಟಿಗೆ, ಒಂದು ನಾಲಿಗೆಗೆ. ಮೊಳೆ ಬಂದು ಸನ್ನೆಯ ಒಂದು ತುದಿಯನ್ನು ಎತ್ತಿದರೆ ಸರಪಳಿ ಎಳೆದು ಇನ್ನೊಂದು ತುದಿಯಲ್ಲಿ ಬೆರಳು ಏಳುತ್ತಿತ್ತು. ಮೊಳೆ ಗಿಡ್ಡವಾಗಿದ್ದರೆ ಕ್ಷಣಕಾಲದ ಸ್ವರ, ಪಟ್ಟಿ ಉದ್ದವಾಗಿದ್ದರೆ ಎಳೆದ ಸ್ವರ. ಉರುಳೆ ಒಂದೇ ಸುತ್ತಿನಲ್ಲಿ ಮುಗಿದರೆ ರಾಗ ತೀರಾ ಚಿಕ್ಕದಾಗುತ್ತದಲ್ಲ? ಅದಕ್ಕೆ ವೋಕಾನ್ಸನ್ ಉರುಳೆಯ ಅಚ್ಚಿಗೆ ತಿರುಪು ಕೂರಿಸಿದ. ಪ್ರತಿ ಸುತ್ತಿಗೂ ಉರುಳೆ ತುಸು ಪಕ್ಕಕ್ಕೆ ಸರಿದು, ಸನ್ನೆಗಳಿಗೆ ಹೊಸ ಮೊಳೆಸಾಲನ್ನು ಒಡ್ಡುತ್ತಿತ್ತು. ಸನ್ನೆ, ಗಾಲಿ, ತಿರುಪು: ನಮ್ಮ ಮಕ್ಕಳು ಶಾಲೆಯಲ್ಲಿ ಸರಳ ಯಂತ್ರಗಳೆಂದು ಓದುವ ಸಾಮಾನುಗಳೇ ಇವು. ಇವನ್ನು ಬಿಟ್ಟು ಆ ಗೊಂಬೆಯೊಳಗೆ ಬೇರೆ ಮಂತ್ರವೇನೂ ಇರಲಿಲ್ಲ.

ಆದರೆ ಉರುಳೆಯನ್ನು ಇನ್ನೊಂದು ಸಲ ನೋಡಬೇಕು. ಗೊಂಬೆಯ ದೇಹ ಬೇರೆ, ಗೊಂಬೆ ಏನು ಮಾಡಬೇಕೆಂಬ ಆದೇಶ ಬೇರೆ. ಆದೇಶವೆಲ್ಲ ಉರುಳೆಯ ಮೇಲಿದೆ. ಮೊಳೆಗಳನ್ನು ಕಿತ್ತು ಬೇರೆ ಜಾಗದಲ್ಲಿ ಹೊಡೆದರೆ ಅದೇ ಗೊಂಬೆ ಬೇರೆ ರಾಗ ನುಡಿಸುತ್ತದೆ. ಸ್ವಯಂಚಾಲಿತ ಗೊಂಬೆಗಳ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ನೋಡುಗರು ಗೊಂಬೆಯ ಮುಖ ನೋಡಿ ಬೆರಗಾದರು. ಮುಂದಿನ ಇನ್ನೂರೈವತ್ತು ವರ್ಷಗಳ ಕಥೆ ಬೆಳೆದದ್ದು ಮಾತ್ರ ಪೀಠದೊಳಗಿನ ಉರುಳೆಯಿಂದ.

ಉರುಳೆಯ ಉಪಾಯ ವೋಕಾನ್ಸನ್‌ಗೆ ಹೊಳೆದ ಹೊಸದೇನಲ್ಲ, ಅದನ್ನೂ ಹೇಳಿಬಿಡಬೇಕು. 9ನೇ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಸಹೋದರರು ತಾನಾಗಿ ನುಡಿಯುವ ಕೊಳಲಿನ ಯಂತ್ರವನ್ನು ಮೊಳೆಯುರುಳೆಯೊಂದಿಗೇ ವಿವರಿಸಿದ್ದರು. ಟೈಗ್ರಿಸ್ ನದಿಯ ಮೇಲ್ಭಾಗದ ದಿಯಾರ್‌ಬಕಿರ್‌ನಲ್ಲಿ ಅರ್ತುಕಿದ್ ಅರಸರ ಆಶ್ರಯದಲ್ಲಿದ್ದ ಅಲ್ ಜಜರಿ 1206ರಲ್ಲಿ ಮುಗಿಸಿದ ಯಂತ್ರಗ್ರಂಥದಲ್ಲಿ, ನೀರಿನ ಮೇಲೆ ತೇಲುವ ದೋಣಿಯೊಂದರಲ್ಲಿ ವಾದ್ಯ ಬಾರಿಸುವ ಗೊಂಬೆಗಳಿವೆ. ಅವನ್ನು ಆಡಿಸುವುದೂ ಮೊಳೆ ಹೊಡೆದ ಉರುಳೆಯೇ. ನಮ್ಮ ನೆಲದಲ್ಲಿ 11ನೇ ಶತಮಾನದ ಭೋಜರಾಜನ ಹೆಸರಿನಲ್ಲಿರುವ ‘ಸಮರಾಂಗಣ ಸೂತ್ರಧಾರ’ ಎಂಬ ವಾಸ್ತುಗ್ರಂಥ ಯಂತ್ರಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟು ಮರದ ಗೊಂಬೆಗಳ ಚಲನೆಯ ಮಾತಾಡುತ್ತದೆ. ಆದರೆ ಒಳಗಿನ ರಚನೆಯನ್ನು ಕೀಲು ಕೀಲಾಗಿ ಬರೆದಿಟ್ಟದ್ದರಲ್ಲಿ ಅಲ್ ಜಜರಿಗೆ ಸಮನಾದವರು ಆ ಕಾಲದಲ್ಲಿ ಇಲ್ಲ. ಆತ ಅಳತೆ ಕೊಡುತ್ತಾನೆ, ಚಿತ್ರ ಕೊಡುತ್ತಾನೆ. ಇವತ್ತಿಗೂ ಆ ಪುಸ್ತಕ ಇಟ್ಟುಕೊಂಡು ಯಂತ್ರ ಕಟ್ಟಬಹುದು, ಕಟ್ಟಿದ್ದಾರೆ ಕೂಡ.

ವೋಕಾನ್ಸನ್ ಹುಟ್ಟಿದ್ದು 1709ರಲ್ಲಿ, ಗ್ರೆನೋಬಲ್ ಊರಿನ ಕೈಗವಸು ಮಾಡುವವನ ಮನೆಯಲ್ಲಿ. ಮಕ್ಕಳ ಪೈಕಿ ಈತ ಹತ್ತನೆಯವನು. ಹುಡುಗ ಮಠ ಸೇರಿದ. ಲಿಯೋನಿನ ಮಿನಿಮ್ ಸನ್ಯಾಸಿಗಳ ನಡುವೆಯೂ ಕೈ ಸುಮ್ಮನಿರಲಿಲ್ಲ. ಊಟ ಬಡಿಸುವ ಯಂತ್ರದ ಆಳುಗಳನ್ನು ಮಾಡಿಟ್ಟ. ಭೇಟಿಗೆ ಬಂದ ಹಿರಿಯ ಗುರುವಿಗೆ ಅದು ದೈವವಿರೋಧಿಯಾಗಿ ಕಂಡು, ಕಾರ್ಯಾಗಾರ ಒಡೆಸಿದರು ಎಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಹುಡುಗ ಮಠ ಬಿಟ್ಟು ಪ್ಯಾರಿಸ್ಸಿನ ದಾರಿ ಹಿಡಿದ. ಅಲ್ಲಿ ಶರೀರಶಾಸ್ತ್ರ ಕಲಿತ. ದೇಹವೂ ಒಂದು ಯಂತ್ರ ಎಂಬ ತತ್ವಜ್ಞಾನಿ ದೆಕಾರ್ತನ ಮಾತು ಆಗ ಪ್ಯಾರಿಸ್ಸಿನ ವಿದ್ವಾಂಸರ ಬಾಯಲ್ಲೆಲ್ಲ ಇತ್ತು. ಉಸಿರಾಟ, ಜೀರ್ಣಕ್ರಿಯೆಗಳನ್ನು ಗಾಲಿ ಕೀಲುಗಳಲ್ಲಿ ಕಟ್ಟಿ ತೋರಿಸಬೇಕು ಎಂಬ ಹುಚ್ಚು ಈತನಿಗೆ ಹಿಡಿದದ್ದು ಅಲ್ಲಿಯೇ.

ಆ ಹುಚ್ಚಿನ ಎರಡನೇ ಫಲ ಬಾತುಕೋಳಿ. ಅದರ ಜೊತೆಗೆ ಒಂದು ಕೈಯಲ್ಲಿ ಪೀಪಿ ಹಿಡಿದು ಇನ್ನೊಂದರಲ್ಲಿ ಮದ್ದಳೆ ಬಾರಿಸುವ ಗೊಂಬೆಯನ್ನೂ ಮಾಡಿದ. ಚಿನ್ನದ ಲೇಪ ಕೊಟ್ಟ ತಾಮ್ರದ ಬಾತುಕೋಳಿ ರೆಕ್ಕೆ ಬಡಿಯುತ್ತಿತ್ತು, ನೀರು ಕುಡಿಯುತ್ತಿತ್ತು, ಕೈಯಲ್ಲಿ ಹಿಡಿದ ಕಾಳನ್ನು ಕುಕ್ಕಿ ತಿನ್ನುತ್ತಿತ್ತು, ಕೊನೆಗೆ ಹಿಕ್ಕೆ ಹಾಕುತ್ತಿತ್ತು. ಒಂದು ರೆಕ್ಕೆಯಲ್ಲೇ ನಾನೂರಕ್ಕೂ ಹೆಚ್ಚು ಬಿಡಿಭಾಗಗಳು. ಯುರೋಪಿನಾದ್ಯಂತ ವೋಕಾನ್ಸನ್ ಹೆಸರು ಮಾಡಿದ್ದು ಈ ಬಾತುಕೋಳಿಯಿಂದಲೇ. ಹೊಟ್ಟೆಯಲ್ಲಿ ಕಾಳು ನಿಜವಾಗಿ ಕರಗುತ್ತದೆ ಎಂದು ಆತ ಹೇಳಿಕೊಂಡಿದ್ದ. ಅದು ಸುಳ್ಳು. ತಿಂದದ್ದು ಗಂಟಲ ಬುಡದಲ್ಲಿ ನಿಲ್ಲುತ್ತಿತ್ತು, ಹೊರಬರುತ್ತಿದ್ದದ್ದು ಮೊದಲೇ ಬೇರೆ ಅರೆಯಲ್ಲಿ ತುಂಬಿಟ್ಟದ್ದು. ಮುಂದೆ ಪರೀಕ್ಷಿಸಿ ನೋಡಿದವರು ಇದನ್ನು ಬಯಲು ಮಾಡಿದರು. ರೆಕ್ಕೆಯ ಕೆಲಸ ಅಪ್ಪಟ ಶರೀರಶಾಸ್ತ್ರ, ಹೊಟ್ಟೆಯ ಕೆಲಸ ಕಣ್ಕಟ್ಟು. ಕೊಳಲುಗಾರನಲ್ಲಿ ಮಾತ್ರ ಒಂದೇ ಒಂದು ಮೋಸವಿಲ್ಲ. ಆದರೂ ಇವತ್ತಿಗೆ ಜನ ನೆನಪಿಟ್ಟಿರುವುದು ಬಾತುಕೋಳಿಯನ್ನು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

1741ರಲ್ಲಿ ರಾಜನ ಮುಖ್ಯಮಂತ್ರಿ ಕಾರ್ಡಿನಲ್ ಫ್ಲರಿ ಈತನನ್ನು ಕರೆದು ಫ್ರಾನ್ಸಿನ ರೇಷ್ಮೆ ಉದ್ಯಮದ ತನಿಖಾಧಿಕಾರಿಯನ್ನಾಗಿ ನೇಮಿಸಿದ. ಎರಡು ವರ್ಷದಲ್ಲಿ ವೋಕಾನ್ಸನ್ ಮೂರೂ ಗೊಂಬೆಗಳನ್ನು ಮಾರಿಬಿಟ್ಟ. ಮತ್ತೆಂದೂ ಗೊಂಬೆಗೆ ಕೈ ಹಾಕಲಿಲ್ಲ. ಈಗ ಅವನ ಮುಂದಿದ್ದದ್ದು ಲಿಯೋನ್ ನಗರ, ಅಲ್ಲಿನ ಸಾವಿರಾರು ರೇಷ್ಮೆ ಮಗ್ಗಗಳು.

ಬುಟ್ಟಾ, ಬಳ್ಳಿ, ಹೂವು ಇರುವ ರೇಷ್ಮೆ ನೇಯುವುದು ಆಗ ಇಬ್ಬರ ಕೆಲಸ. ಮಗ್ಗದಲ್ಲಿ ಕುಳಿತ ನೇಕಾರ ಲಾಳಿ ಹಾಯಿಸುತ್ತಾನೆ. ಪ್ರತಿ ಹೊಕ್ಕಿಗೂ ಹಾಸಿನ ಯಾವ ಎಳೆಗಳು ಏಳಬೇಕು, ಯಾವುವು ಕೆಳಗಿರಬೇಕು ಎಂಬುದರ ಮೇಲೆ ಚಿತ್ತಾರ ನಿಂತಿದೆ. ಆ ಎಳೆಗಳಿಗೆ ಕಟ್ಟಿದ ಹಗ್ಗಗಳ ಗೊಂಚಲನ್ನು ಸರದಿ ತಪ್ಪದೆ ಎಳೆಯಲು ಮಗ್ಗದ ಪಕ್ಕದಲ್ಲಿ ಇನ್ನೊಬ್ಬರು ಬೇಕು. ಲಿಯೋನಿನಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಎಳೆಯ ಹುಡುಗಿಯರನ್ನು ಇಡುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ಭಾರದ ಹಗ್ಗ ಜಗ್ಗಿ ಜಗ್ಗಿ ಆ ಮಕ್ಕಳ ಮೈ ಸೊಟ್ಟಗಾಗುತ್ತಿತ್ತು. ಒಂದು ಹಗ್ಗ ತಪ್ಪಿದರೆ ಚಿತ್ತಾರ ಕೆಟ್ಟಿತು.

ಹಗ್ಗ ಎಳೆಯುವ ಕೈಗೂ ಕೊಳಲಿನ ಮೇಲಿನ ಬೆರಳಿಗೂ ವೋಕಾನ್ಸನ್ ಕಣ್ಣಿಗೆ ಭೇದ ಕಾಣಲಿಲ್ಲ. ಎರಡಕ್ಕೂ ಬೇಕಾದದ್ದು ಯಾವ ಗಳಿಗೆಯಲ್ಲಿ ಯಾವುದು ಏಳಬೇಕೆಂಬ ಆದೇಶ. 1745ರ ಹೊತ್ತಿಗೆ ಆತ ತಾನಾಗಿ ಚಿತ್ತಾರ ನೇಯುವ ಮಗ್ಗ ಕಟ್ಟಿದ. ಮಗ್ಗದ ನೆತ್ತಿಯ ಮೇಲೆ ಒಂದು ಉರುಳೆ ಇತ್ತು. ಈ ಸಲ ಅದರಲ್ಲಿ ಮೊಳೆಗಳ ಬದಲು ತೂತುಗಳು.

ಅದಕ್ಕೆ ಮುಂಚೆಯೇ ಲಿಯೋನ್ ಸಿಡಿದಿತ್ತು. 1744ರಲ್ಲಿ ವೋಕಾನ್ಸನ್ ಮುಂದೆ ನಿಂತು ರೂಪಿಸಿದ ಹೊಸ ಕಟ್ಟಳೆ ಜಾರಿಗೆ ಬಂದಾಗ ನೇಕಾರರು ಬೀದಿಗಿಳಿದರು. ಸ್ವಂತ ಮಗ್ಗ ಇಟ್ಟುಕೊಂಡು ತಾವೇ ನೇಯ್ದು ತಾವೇ ಮಾರುತ್ತಿದ್ದ ಕಸುಬುದಾರರನ್ನು ಆ ಕಟ್ಟಳೆ ದೊಡ್ಡ ವರ್ತಕರ ಹಂಗಿಗೆ ನೂಕುತ್ತಿತ್ತು. ವೋಕಾನ್ಸನ್ ಮೇಲೆ ಕಲ್ಲು ಬಿತ್ತು. ಆತ ಸನ್ಯಾಸಿಯ ವೇಷ ಹಾಕಿಕೊಂಡು ರಾತ್ರೋರಾತ್ರಿ ಊರು ಬಿಟ್ಟ. ಈ ಗಲಭೆಯನ್ನು ಯಂತ್ರದ ಬೆಲೆ ತಿಳಿಯದ ಜನರ ಪುಂಡಾಟ ಎಂದು ಬರೆಯುವ ರೂಢಿ ಇದೆ. ನಾನು ಒಪ್ಪುವುದಿಲ್ಲ. ನೇಕಾರರು ಕಲ್ಲು ಎತ್ತಿದ್ದು ತಮ್ಮ ದುಡಿಮೆಯ ಹಕ್ಕು ಕೈತಪ್ಪುತ್ತಿದೆ ಎಂದು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಹುಡುಗಿಯರ ಬೆನ್ನು ಉಳಿಸಬಲ್ಲ ಉಪಾಯ ಹೊಳೆದ ತಲೆಯೇ ಅವರ ಅಪ್ಪಂದಿರ ಸ್ವಾತಂತ್ರ್ಯ ಕಸಿಯುವ ಕಾನೂನನ್ನೂ ಬರೆಯಿತು. ಎರಡನ್ನೂ ಜೊತೆಗಿಟ್ಟೇ ಈ ಮನುಷ್ಯನನ್ನು ನೋಡಬೇಕು.

ಮಗ್ಗ ಬಳಕೆಗೆ ಬರಲಿಲ್ಲ. ಉರುಳೆಯ ಸುತ್ತಳತೆ ಎಷ್ಟೋ ಚಿತ್ತಾರವೂ ಅಷ್ಟೇ. ದೊಡ್ಡ ಸೆರಗಿನಂಥ ವಿನ್ಯಾಸಕ್ಕೆ ಉರುಳೆ ಸಾಲದು, ಪ್ರತಿ ಹೊಸ ವಿನ್ಯಾಸಕ್ಕೂ ಹೊಸ ಉರುಳೆ ಕಡೆಯುವುದು ದುಬಾರಿ. ಮಗ್ಗವನ್ನು ಮೂಲೆಗೆ ತಳ್ಳಿದರು. ವೋಕಾನ್ಸನ್ 1782ರಲ್ಲಿ ತೀರಿಕೊಂಡ. ತನ್ನ ಯಂತ್ರಗಳನ್ನೆಲ್ಲ ರಾಜನಿಗೆ ಬಿಟ್ಟುಹೋಗಿದ್ದ. ಕ್ರಾಂತಿಯ ನಂತರ 1794ರಲ್ಲಿ ಪ್ಯಾರಿಸ್ಸಿನಲ್ಲಿ ಕಲೆ ಮತ್ತು ಕಸುಬುಗಳ ರಾಷ್ಟ್ರೀಯ ಸಂಗ್ರಹಾಲಯ ಹುಟ್ಟಿದಾಗ ಈ ಮಗ್ಗವೂ ಅಲ್ಲಿಗೆ ಸೇರಿತು.

ಇತ್ತ ಗೊಂಬೆಗಳ ಕಲೆ ಸ್ವಿಟ್ಜರ್ಲೆಂಡಿನ ಗಡಿಯಾರ ಕಸುಬಿನವರ ಕೈಗೆ ಬಂದು ಶಿಖರ ಮುಟ್ಟಿತು. ಜೂರಾ ಬೆಟ್ಟಸಾಲಿನ ಲಾ ಷೋ ದ ಫೋಂ ಎಂಬ ಊರಿನಲ್ಲಿ ಪಿಯರ್ ಜಾಕೆ ದ್ರೋ, ಅವನ ಮಗ ಆನ್ರಿ ಲೂಯಿ, ಜೊತೆಗಾರ ಜಾನ್ ಫ್ರೆಡರಿಕ್ ಲೆಷೋ ಸೇರಿ 1774ರಲ್ಲಿ ಮೂರು ಗೊಂಬೆಗಳನ್ನು ಜನರ ಮುಂದಿಟ್ಟರು: ಬರೆಯುವ ಹುಡುಗ, ಚಿತ್ರ ಬಿಡಿಸುವ ಹುಡುಗ, ವಾದ್ಯ ನುಡಿಸುವ ಹೆಣ್ಣುಮಗಳು. ವಾದ್ಯಗಾರ್ತಿ ತನ್ನ ಬೆರಳಿನಿಂದಲೇ ವಾದ್ಯದ ಮನೆಗಳನ್ನು ಒತ್ತುತ್ತಾಳೆ, ನುಡಿಸುವಾಗ ಎದೆ ಏರಿಳಿಯುತ್ತದೆ. ಚಿತ್ರಗಾರ ಹುಡುಗ ನಾಲ್ಕು ಚಿತ್ರ ಬಿಡಿಸಬಲ್ಲ, ನಡುನಡುವೆ ಕಾಗದದ ಮೇಲಿನ ಸೀಸದ ಪುಡಿಯನ್ನು ಉಫ್ ಎಂದು ಊದುತ್ತಾನೆ.

ಬರೆಯುವ ಹುಡುಗನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಎತ್ತರ ಸುಮಾರು 70 ಸೆಂಟಿಮೀಟರ್. ಬರಿಗಾಲು, ಮುಂದೊಂದು ಪುಟ್ಟ ಮೇಜು. ಕೈಯಲ್ಲಿ ಹೆಬ್ಬಾತಿನ ಗರಿಯ ಲೇಖನಿ. ಲೇಖನಿಯನ್ನು ಮಸಿಕುಡಿಕೆಯಲ್ಲಿ ಅದ್ದಿ, ಮಸಿ ತೊಟ್ಟಿಕ್ಕದಂತೆ ಕೊಡವಿ, ಕಾಗದದ ಮೇಲೆ ಅಕ್ಷರ ಮೂಡಿಸುತ್ತಾನೆ. ಕಣ್ಣು ಲೇಖನಿಯ ತುದಿಯನ್ನು ಹಿಂಬಾಲಿಸುತ್ತದೆ. ಸಾಲು ಮುಗಿದರೆ ಕೆಳಗಿನ ಸಾಲಿಗೆ ಇಳಿಯುತ್ತಾನೆ. ಇದಕ್ಕೆಲ್ಲ ಬೇಕಾದ ಸುಮಾರು ಆರು ಸಾವಿರ ಬಿಡಿಭಾಗಗಳು ಆ ಪುಟ್ಟ ಮೈಯೊಳಗೇ ಇವೆ. ಬೆನ್ನಿನ ಬಾಗಿಲು ತೆಗೆದರೆ ಹಿತ್ತಾಳೆಯ ಕ್ಯಾಮ್‌ಗಳ ಕಂಬವೊಂದು ಕಾಣುತ್ತದೆ. ಕ್ಯಾಮ್ ಎಂದರೆ ಅಂಚು ಏರುತಗ್ಗಾಗಿ ಕೊರೆದ ಬಿಲ್ಲೆ. ಅದರ ಅಂಚಿಗೆ ಸನ್ನೆಯ ತುದಿ ತಾಗಿಕೊಂಡಿರುತ್ತದೆ. ಬಿಲ್ಲೆ ತಿರುಗಿದಂತೆ ಸನ್ನೆ ಏರಿಳಿದು ಕೈಯನ್ನು ನಡೆಸುತ್ತದೆ. ಒಂದು ಅಕ್ಷರಕ್ಕೆ ಮೂರು ಬಿಲ್ಲೆ: ಎಡಬಲಕ್ಕೆ ಒಂದು, ಹಿಂದೆ ಮುಂದಕ್ಕೆ ಒಂದು, ಲೇಖನಿಯನ್ನು ಎತ್ತಿ ಒತ್ತಲು ಒಂದು. ಕೆಳಗಡೆ ಇನ್ನೊಂದು ಚಕ್ರವಿದೆ. ಅದರ ಅಂಚಿನಲ್ಲಿ ಬದಲಾಯಿಸಬಹುದಾದ ನಲವತ್ತು ಗೂಟಗಳು. ಯಾವ ಗೂಟ ಎಷ್ಟು ಎತ್ತರ ಎಂಬುದು ಮುಂದಿನ ಅಕ್ಷರ ಯಾವುದೆಂದು ನಿರ್ಧರಿಸುತ್ತದೆ. ಗೂಟಗಳನ್ನು ಹೊಸದಾಗಿ ಜೋಡಿಸಿದರೆ ಹುಡುಗ ಹೊಸ ವಾಕ್ಯ ಬರೆಯುತ್ತಾನೆ, ನಲವತ್ತು ಅಕ್ಷರದೊಳಗೆ ಯಾವುದಾದರೂ ಸರಿ. ವೋಕಾನ್ಸನ್‌ನ ಉರುಳೆಯನ್ನು ಬದಲಿಸಲು ಮೊಳೆ ಕೀಳಬೇಕಿತ್ತು. ಇಲ್ಲಿ ಆದೇಶವನ್ನು ಬದಲಿಸಲೆಂದೇ ಜಾಗ ಮಾಡಿಟ್ಟಿದ್ದಾರೆ.

ಇದೇ ಪರಂಪರೆಯ ಆನ್ರಿ ಮೇಯರ್ದೆ 1800ರ ಸುಮಾರಿಗೆ ಲಂಡನ್ನಿನಲ್ಲಿ ಮಾಡಿದ ಗೊಂಬೆಯ ಕಥೆ ಕೇಳುವಂಥದ್ದು. 1928ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿಗೆ ಒಂದು ಮನೆತನದವರು ಬೆಂಕಿಗೆ ಸಿಕ್ಕು ಹಾಳಾದ ಹಿತ್ತಾಳೆಯ ಯಂತ್ರವೊಂದನ್ನು ತಂದುಕೊಟ್ಟರು. ಮಾಡಿದವರು ಯಾರೆಂಬ ಬಗ್ಗೆ ಅವರಿಗಿದ್ದ ನಂಬಿಕೆಯೂ ತಪ್ಪಾಗಿತ್ತು. ಸಂಸ್ಥೆಯ ಕುಶಲಕರ್ಮಿ ಅದನ್ನು ಬಿಚ್ಚಿ, ತೊಳೆದು, ಸರಿಮಾಡಿ, ಕೀಲಿ ಕೊಟ್ಟ. ಗೊಂಬೆ ನಾಲ್ಕು ಚಿತ್ರ ಬಿಡಿಸಿತು, ಮೂರು ಪದ್ಯ ಬರೆಯಿತು. ಕೊನೆಯ ಪದ್ಯದ ಅಂಚಿನಲ್ಲಿ, ಇದನ್ನು ಬರೆದದ್ದು ಮೇಯರ್ದೆಯ ಗೊಂಬೆ ಎಂದು ಫ್ರೆಂಚ್ ಭಾಷೆಯಲ್ಲಿ ತಾನೇ ರುಜು ಹಾಕಿತು. ಮನುಷ್ಯರು ಮರೆತಿದ್ದ ಹೆಸರನ್ನು ಹಿತ್ತಾಳೆಯ ಬಿಲ್ಲೆಗಳು ಶತಮಾನದ ಮೇಲೆ ಕಾಪಾಡಿದ್ದವು.

ಮೋಸದ ಗೊಂಬೆಯೂ ಇತ್ತು. 1770ರಲ್ಲಿ ವಿಯೆನ್ನಾದ ಅರಮನೆಯಲ್ಲಿ ಕೆಂಪೆಲೆನ್ ಎಂಬಾತ ಪ್ರದರ್ಶಿಸಿದ ಚದುರಂಗ ಆಡುವ ‘ತುರ್ಕ’ನ ಪೆಟ್ಟಿಗೆಯೊಳಗೆ ನಿಪುಣ ಆಟಗಾರನೊಬ್ಬ ಮುದುರಿ ಕುಳಿತಿರುತ್ತಿದ್ದ. ನೆಪೋಲಿಯನ್ ಕೂಡ ಅದರೆದುರು ಆಡಿದ್ದಾನೆ.

ನಮ್ಮ ಶ್ರೀರಂಗಪಟ್ಟಣವೂ ಈ ಕಾಲದ ಚಿತ್ರದಲ್ಲಿ ಇದೆ. ಟಿಪ್ಪು ಸುಲ್ತಾನನ ಹುಲಿ, ಕೆಳಗೆ ಬಿದ್ದ ಐರೋಪ್ಯನ ಕೊರಳಿಗೆ ಬಾಯಿ ಹಾಕಿರುವ ಮರದ ಹುಲಿ, 1790ರ ದಶಕದ್ದು. ಉದ್ದ 178 ಸೆಂಟಿಮೀಟರ್. ಮೈಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಆಡುತ್ತವೆ. ಮನುಷ್ಯನ ಕೈ ಮೇಲೇಳುತ್ತದೆ, ಅವನ ಗಂಟಲಿನ ಕೊಳವೆ ಗೋಳಿಡುತ್ತದೆ, ಹುಲಿಯ ತಲೆಯೊಳಗಿನ ಕೊಳವೆ ಗುರುಗುಟ್ಟುತ್ತದೆ. ಪಕ್ಕೆಯ ಮುಚ್ಚಳ ತೆಗೆದರೆ ದಂತದ ಗುಂಡಿಗಳಿರುವ ಹದಿನೆಂಟು ಸ್ವರಗಳ ಪುಟ್ಟ ಆರ್ಗನ್. 1788ರಲ್ಲಿ ವರ್ಸೇಲ್ಸಿನಲ್ಲಿ ಹದಿನಾರನೇ ಲೂಯಿಯನ್ನು ಕಂಡ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ಕುಶಲಕರ್ಮಿಗಳನ್ನು ಕಳಿಸಿಕೊಡಬೇಕೆಂದು ಕೇಳಿದ್ದರು. ಜಾಕೆ ದ್ರೋ ಗೊಂಬೆಗಳು ಹದಿಮೂರು ವರ್ಷ ಹಿಂದೆ ಅದೇ ರಾಜನ ಮುಂದೆ ಆಡಿದ್ದವು. ಹುಲಿಯಲ್ಲಿ ತಿದಿ, ಸನ್ನೆ, ಹಲ್ಲುಗಾಲಿ ಎಲ್ಲವೂ ಇವೆ, ಆದೇಶ ಹೊತ್ತ ಉರುಳೆ ಮಾತ್ರ ಇಲ್ಲ. ಆರ್ಗನ್ ನುಡಿಸಲು ಮನುಷ್ಯನ ಬೆರಳೇ ಬೇಕು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಹುಲಿಯನ್ನು ಲಂಡನ್ನಿಗೆ ಸಾಗಿಸಿದರು. ಅದು ಇಂದು ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ಈಗ ಮತ್ತೆ ಲಿಯೋನಿಗೆ. ಅಲ್ಲಿಯ ನೇಕಾರನ ಮಗ ಜೋಸೆಫ್ ಮಾರಿ ಜಕಾರ್ಡ್ 19ನೇ ಶತಮಾನದ ಮೊದಲ ವರ್ಷಗಳಲ್ಲಿ ಪ್ಯಾರಿಸ್ಸಿನ ಸಂಗ್ರಹಾಲಯಕ್ಕೆ ಬಂದ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ವೋಕಾನ್ಸನ್‌ನ ಮಗ್ಗ ಅವನ ಕೈಗೆ ಸಿಕ್ಕಿತು. ಅದಕ್ಕೂ ಹಿಂದೆ, 1720ರ ದಶಕದಲ್ಲಿ, ಲಿಯೋನಿನವರೇ ಆದ ಬುಷಾನ್ ತೂತು ಹೊಡೆದ ಕಾಗದದ ಸುರುಳಿಯನ್ನೂ, ಫಾಲ್ಕನ್ ತೂತಿನ ರಟ್ಟುಗಳ ಸರಮಾಲೆಯನ್ನೂ ಮಗ್ಗಕ್ಕೆ ಹೊಂದಿಸಲು ನೋಡಿದ್ದರು. ಅವರ ಮಗ್ಗಕ್ಕೆ ಪಕ್ಕದಲ್ಲಿ ಆಳು ಬೇಕೇಬೇಕಿತ್ತು. ಜಕಾರ್ಡ್ ಫಾಲ್ಕನ್‌ನ ರಟ್ಟು ತೆಗೆದುಕೊಂಡ, ವೋಕಾನ್ಸನ್‌ನ ಯಂತ್ರರಚನೆ ತೆಗೆದುಕೊಂಡ, ಎರಡನ್ನೂ ಬೆಸೆದ. 1804ರಲ್ಲಿ ಮಗ್ಗ ಸಿದ್ಧವಾಯಿತು.

ಅದರ ಕೆಲಸ ಹೀಗೆ. ಹಾಸಿನ ಎಳೆಗಳನ್ನು ಎತ್ತುವ ಪ್ರತಿ ಕೊಕ್ಕೆಗೂ ಒಂದು ಸೂಜಿ. ಸೂಜಿಗಳ ಸಾಲಿಗೆ ಎದುರಾಗಿ ಒಂದು ರಟ್ಟು ಬಂದು ಒತ್ತುತ್ತದೆ. ರಟ್ಟಿನಲ್ಲಿ ತೂತಿರುವ ಕಡೆ ಸೂಜಿ ಒಳಹೊಕ್ಕು ಸುಮ್ಮನಿರುತ್ತದೆ, ಅದರ ಕೊಕ್ಕೆ ಮೇಲೆತ್ತುವ ಪಟ್ಟಿಗೆ ಸಿಕ್ಕು ಎಳೆ ಏಳುತ್ತದೆ. ತೂತಿಲ್ಲದ ಕಡೆ ರಟ್ಟು ಸೂಜಿಯನ್ನು ಹಿಂದೆ ತಳ್ಳಿ ಕೊಕ್ಕೆಯನ್ನು ತಪ್ಪಿಸುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಹಾಯುತ್ತದೆ. ಮುಂದಿನ ರಟ್ಟು ಬರುತ್ತದೆ. ಒಂದು ಹೊಕ್ಕಿಗೆ ಒಂದು ರಟ್ಟು. ದಾರದಿಂದ ಕಟ್ಟಿದ ರಟ್ಟುಗಳ ಸರ ಎಷ್ಟು ಉದ್ದವಿದ್ದರೂ ಸರಿ. ಉರುಳೆಗಿದ್ದ ಮಿತಿ ಇಲ್ಲಿ ಕಳಚಿತು. ವಿನ್ಯಾಸ ಬೇಡವೆಂದರೆ ಸರ ಕಳಚಿ ಅಟ್ಟದ ಮೇಲಿಟ್ಟು, ಬೇಕಾದಾಗ ಮತ್ತೆ ಕಟ್ಟಬಹುದು. ಇರುವುದು ಎರಡೇ ಮಾತು: ತೂತು ಇದೆ, ತೂತು ಇಲ್ಲ. 1839ರಲ್ಲಿ ಲಿಯೋನಿನವರು ಜಕಾರ್ಡ್‌ನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಬೇಕಾದದ್ದು ಸುಮಾರು 24,000 ರಟ್ಟುಗಳು. ನೋಡಿದವರು ಅಚ್ಚೊತ್ತಿದ ಚಿತ್ರವೆಂದೇ ತಿಳಿಯುತ್ತಿದ್ದರು.

ಸರ್ಕಾರ ಜಕಾರ್ಡ್‌ಗೆ ಪಿಂಚಣಿ ಕೊಟ್ಟಿತು, ಆತನ ಶೋಧವನ್ನು ಎಲ್ಲರ ಬಳಕೆಗೆ ಬಿಟ್ಟಿತು. ಹಗ್ಗ ಜಗ್ಗುವ ಮಕ್ಕಳಿಗೆ ಆ ಕೆಲಸ ತಪ್ಪಿತು. ನೇಕಾರರ ಬಾಳು ಮಾತ್ರ ಹಸನಾಗಲಿಲ್ಲ. 1831ರ ನವೆಂಬರಿನಲ್ಲಿ ಲಿಯೋನಿನ ರೇಷ್ಮೆ ನೇಕಾರರು ಬಂಡೆದ್ದು ಕೆಲವು ದಿನ ನಗರವನ್ನೇ ಕೈಗೆ ತೆಗೆದುಕೊಂಡರು. ಅವರ ಬೇಡಿಕೆ ನೇಯ್ಗೆಗೆ ಕನಿಷ್ಠ ದರ ನಿಗದಿಯಾಗಬೇಕು ಎಂಬುದು. 1834ರಲ್ಲಿ ಮತ್ತೆ ಎದ್ದಾಗ ಸೈನ್ಯ ರಕ್ತ ಹರಿಸಿತು. ಯಂತ್ರ ಉಳಿಸಿದ ಶ್ರಮದ ಲಾಭ ಯಾರ ಪಾಲಿಗೆ ಎಂಬ ಪ್ರಶ್ನೆಯನ್ನು ಲಿಯೋನ್ ಅಷ್ಟು ಮುಂಚೆಯೇ ಎತ್ತಿತ್ತು.

ಲಂಡನ್ನಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಆ ರೇಷ್ಮೆಯ ಭಾವಚಿತ್ರದ ಪ್ರತಿಯೊಂದನ್ನು ತರಿಸಿ ಮನೆಯಲ್ಲಿ ತೂಗುಹಾಕಿದ್ದ. ಬಾಲ್ಯದಲ್ಲಿ ಅವನನ್ನು ತಾಯಿ ಮರ್ಲಿನ್ ಎಂಬ ಯಂತ್ರಕುಶಲಿಯ ಪ್ರದರ್ಶನಕ್ಕೆ ಕರೆದೊಯ್ದಿದ್ದಳು. ಅಲ್ಲಿಯ ಅಟ್ಟದಲ್ಲಿ ಗೇಣುದ್ದಕ್ಕಿಂತ ತುಸು ಎತ್ತರದ ಬೆಳ್ಳಿಯ ನರ್ತಕಿಯನ್ನು ಹುಡುಗ ಕಂಡ. ಆಕೆಯ ಬೆರಳ ಮೇಲೊಂದು ಹಕ್ಕಿ, ಕಣ್ಣುಗಳಲ್ಲಿ ಜೀವಕಳೆ. ಅದನ್ನು ಆತ ಮರೆಯಲಿಲ್ಲ. 1834ರಲ್ಲಿ ಅದೇ ಗೊಂಬೆ ಹರಾಜಿಗೆ ಬಂದಾಗ 35 ಪೌಂಡ್ ಕೊಟ್ಟು ಕೊಂಡು, ತಾನೇ ದುರಸ್ತಿ ಮಾಡಿ, ಮನೆಗೆ ಬಂದವರಿಗೆ ತೋರಿಸುತ್ತಿದ್ದ. ಅದೇ ವರ್ಷಗಳಲ್ಲಿ ಆತ ಯಾವ ಲೆಕ್ಕವನ್ನಾದರೂ ಮಾಡಬಲ್ಲ ‘ಅನಾಲಿಟಿಕಲ್ ಎಂಜಿನ್’ನ ನಕ್ಷೆ ಬರೆಯುತ್ತಿದ್ದ. ಅದಕ್ಕೆ ಹೊರಗಿನಿಂದ ಆದೇಶ ಕೊಡಲು ಜಕಾರ್ಡ್‌ನ ತೂತಿನ ರಟ್ಟುಗಳು. ಯಂತ್ರದ ಒಳಗೆ ಒಂದೊಂದು ಗಾಲಿಯನ್ನು ಯಾವಾಗ ತಿರುಗಿಸಬೇಕೆಂದು ಹೇಳಲು ಗುಬಟೆಗಳಿದ್ದ ಉರುಳೆಗಳು. ಕೊಳಲುಗಾರನ ಪೀಠದಲ್ಲಿದ್ದದ್ದೂ ಲಿಯೋನಿನ ಮಗ್ಗದ ನೆತ್ತಿಯಲ್ಲಿದ್ದದ್ದೂ ಒಂದೇ ಯಂತ್ರದಲ್ಲಿ ಸೇರಿದವು. ಈ ಯಂತ್ರ ಅಂಕಿಯನ್ನಷ್ಟೇ ಏಕೆ, ಕ್ರಮಕ್ಕೆ ಒಳಪಡುವ ಸಂಗೀತವನ್ನೂ ಹೆಣೆಯಬಹುದು ಎಂದು 1843ರಲ್ಲಿ ಬರೆದವಳು ಗಣಿತಜ್ಞೆ ಏಡಾ ಲವ್‌ಲೇಸ್. ಎಂಜಿನ್ ಪೂರ್ತಿಯಾಗಿ ಕಟ್ಟಲಾಗಲಿಲ್ಲ. ಆದರೆ 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲರಿತ್ ಎಣಿಸಿದ್ದು ತೂತಿನ ಕಾರ್ಡುಗಳಿಂದ. 20ನೇ ಶತಮಾನದ ಕಂಪ್ಯೂಟರುಗಳು ದಶಕಗಟ್ಟಲೆ ಉಂಡದ್ದು ಅದೇ ಕಾರ್ಡುಗಳನ್ನು.

1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಯೂನಿಮೇಟ್ ಎಂಬ ಯಂತ್ರತೋಳು ಬಂದಿಳಿಯಿತು. ಕಾರ್ಖಾನೆಯಲ್ಲಿ ದುಡಿದ ಮೊದಲ ರೋಬಾಟ್ ಅದು. ಅಚ್ಚಿನಿಂದ ಹೊರಬರುವ ಕಾದ ಲೋಹದ ಭಾಗಗಳನ್ನು ಎತ್ತಿಡುವುದು ಅದರ ಕೆಲಸ. ತೋಳು ಎಲ್ಲಿಗೆ ಚಾಚಬೇಕು, ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ಆದೇಶವನ್ನು ಅದು ಇಟ್ಟುಕೊಂಡಿದ್ದದ್ದು ತಿರುಗುವ ಉರುಳೆಯೊಂದರ ಮೇಲೆ. ಮೊಳೆಯ ಬದಲು ಕಾಂತದ ಗುರುತು, ಅಷ್ಟೇ.

ವೋಕಾನ್ಸನ್‌ನ ಗೊಂಬೆಗಳು ಕೈಯಿಂದ ಕೈಗೆ ಹೋಗಿ ಹಾಳಾದವು. 1805ರಲ್ಲಿ ಜರ್ಮನಿಯ ಹೆಲ್ಮ್‌ಸ್ಟೆಟ್ ಎಂಬಲ್ಲಿ ಕವಿ ಗಯಟೆ ಅವನ್ನು ಕಂಡಾಗ ಕೊಳಲುಗಾರ ಮೂಕನಾಗಿದ್ದ, ಬಾತುಕೋಳಿಯ ಗರಿಗಳೆಲ್ಲ ಉದುರಿ ಅಸ್ಥಿಪಂಜರ ಉಳಿದಿತ್ತು. ಈಗ ಮೂರರಲ್ಲಿ ಒಂದೂ ಇಲ್ಲ. ಮಗ್ಗ ಮಾತ್ರ ಪ್ಯಾರಿಸ್ಸಿನ ಸಂಗ್ರಹಾಲಯದಲ್ಲಿ ಇದೆ. ಜಾಕೆ ದ್ರೋ ಗೊಂಬೆಗಳನ್ನು 1906ರಲ್ಲಿ ತಮ್ಮ ಊರ ಸೀಮೆಗೆ ಮರಳಿ ಕೊಂಡು ತಂದರು. ನಷಟೆಲ್ ನಗರದ ಸಂಗ್ರಹಾಲಯದಲ್ಲಿ ತಿಂಗಳ ಮೊದಲ ಭಾನುವಾರ ಅವು ಇಂದಿಗೂ ಬರೆಯುತ್ತವೆ, ಚಿತ್ರ ಬಿಡಿಸುತ್ತವೆ, ನುಡಿಸುತ್ತವೆ.

ನಷಟೆಲ್ ನಮಗೆ ದೂರ. ಜಕಾರ್ಡ್ ದೂರವಿಲ್ಲ. ದೊಡ್ಡಬಳ್ಳಾಪುರದಲ್ಲಿ, ಬೆಂಗಳೂರಿನ ಹಳೆಯ ನೇಕಾರ ಕೇರಿಗಳಲ್ಲಿ ರೇಷ್ಮೆ ಸೀರೆಯ ಅಂಚು ಸೆರಗುಗಳು ಮೂಡುವುದು ಅದರಿಂದಲೇ. ಮಗ್ಗದ ಮೇಲ್ಗಡೆ ಜಕಾರ್ಡ್ ಪೆಟ್ಟಿಗೆ, ಅದರಿಂದ ಜೋತುಬಿದ್ದ ತೂತಿನ ಕಾರ್ಡುಗಳ ಸರ. ಹೊಸ ಮಗ್ಗಗಳಲ್ಲಿ ಆ ಜಾಗಕ್ಕೆ ಕಂಪ್ಯೂಟರ್ ಪೆಟ್ಟಿಗೆ ಬರುತ್ತಿದೆ, ಕಾರ್ಡುಗಳು ಕಡಿಮೆಯಾಗುತ್ತಿವೆ. ನಮ್ಮ ಶಾಲೆಗಳು ಈಗ ಮಕ್ಕಳಿಗೆ ರೋಬಾಟಿಕ್ಸ್ ಕಲಿಸಲು ಸಾವಿರಾರು ರೂಪಾಯಿಯ ಕಿಟ್‌ಗಳನ್ನು ತರಿಸುತ್ತಿವೆ. ತರಿಸಲಿ, ಒಳ್ಳೆಯದೇ. ಅದಕ್ಕೆ ಮೊದಲು ಮೇಷ್ಟ್ರುಗಳು, ಮೇಡಂಗಳು ಮಕ್ಕಳನ್ನು ಒಂದು ದಿನ ಹತ್ತಿರದ ನೇಕಾರರ ಮನೆಗೆ ಕರೆದುಕೊಂಡು ಹೋಗಬೇಕು. ಒಂದು ಕಾರ್ಡನ್ನು ಮಗುವಿನ ಕೈಗೆ ಕೊಟ್ಟು, ಈ ತೂತಿನಿಂದ ಯಾವ ಎಳೆ ಏಳುತ್ತದೆ ಹುಡುಕು ಎಂದು ಹೇಳಬೇಕು. ತೋರಿಸಿಕೊಡಬಲ್ಲ ನೇಕಾರರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಒಂದು ದಿನದ ಕೂಲಿ ತಪ್ಪದಂತೆ ಶಾಲೆಯೇ ಕೊಡಲಿ.